ಕಸ್ಸಿನೋ ಗಿರಿಯ ಮಠ

ರೋಮ್ ನಗರಕ್ಕೂ ನೇಪಲ್ಸಿಗೂ ನಡುವೆ, ಸುಮಾರು 520 ಮೀಟರ್ ಎತ್ತರದ ಬೆಟ್ಟದ ಮೇಲೆ ಮಾಂಟೆ ಕಸ್ಸಿನೋ ಮಠವಿದೆ. ಸಂತ ಬೆನೆಡಿಕ್ಟನು ಕ್ರಿ.ಶ. 529ರ ಸುಮಾರಿಗೆ ಇದನ್ನು ಸ್ಥಾಪಿಸಿದನೆಂಬುದು ಪರಂಪರೆಯ ಮಾತು. ಪ್ರಾರ್ಥನೆ, ಅಧ್ಯಯನ, ಕೈದುಡಿಮೆ ಈ ಮೂರನ್ನೂ ದಿನಚರಿಯಲ್ಲಿ ಅಳವಡಿಸಿದ ಅವನ ನಿಯಮಗ್ರಂಥವೇ ಪಶ್ಚಿಮ ಯೂರೋಪಿನ ಸಂನ್ಯಾಸಜೀವನಕ್ಕೆ ಮೂಲಸೂತ್ರವಾಯಿತು.

ಈ ಮಠವು ನಾಲ್ಕು ಸಲ ಹಾಳಾಯಿತು. 6ನೆಯ ಶತಮಾನದ ಉತ್ತರಾರ್ಧದಲ್ಲಿ ಲೊಂಬಾರ್ಡರು ಸೂರೆಗೈದರು. 883ರಲ್ಲಿ ಸರಾಸೆನರು ಸುಟ್ಟರು. 1349ರಲ್ಲಿ ಭೂಕಂಪವು ಕೆಡಹಿತು. ನಾಲ್ಕನೆಯದು ನಮ್ಮ ಶತಮಾನಕ್ಕೆ ಹಿಂದಿನ ಶತಮಾನದ್ದು.

ಮಠದ ವೈಭವಕಾಲವು ಅಧಿಪತಿ ದೇಸಿದೇರಿಯಸನದು (1058–1087). ಅವನು ಬೆಟ್ಟದ ನೆತ್ತಿಯನ್ನು ಸಮಮಾಡಿಸಿ, ಇಕ್ಕೆಲದಲ್ಲೂ ಹತ್ತು ಹತ್ತು ಕಂಬಗಳ ಸಾಲುಳ್ಳ ವಿಶಾಲವಾದ ಬಸಿಲಿಕವನ್ನೂ ಅದರ ಮುಂದೆ ಕಂಬಸಾಲಿನ ಅಂಗಳವನ್ನೂ ಕಟ್ಟಿಸಿದನು. ಕಂಬಗಳು ರೋಮಿನಿಂದ ಜಲಮಾರ್ಗವಾಗಿ ಬಂದವು. ಮೊದಲನೆಯ ಕಂಬವನ್ನು ಊರ ಜನರೇ ತೋಳುಕತ್ತುಗಳ ಬಲದಿಂದ ಬೆಟ್ಟಕ್ಕೆ ಹೊತ್ತರೆಂದು ಮಠದ ಚರಿತ್ರಕಾರ ಲಿಯೋ ಬರೆದಿದ್ದಾನೆ. ಕುಸುರಿಗಲ್ಲಿನ ಕೆಲಸಕ್ಕೆ ಕುಶಲಿಗಳು ಕಾನ್‌ಸ್ಟಾಂಟಿನೋಪಲಿನಿಂದ ಬಂದರು. ಆ ವಿದ್ಯೆ ನಾಡಿನಲ್ಲಿ ಮತ್ತೆ ಮರೆಯದಿರಲೆಂದು ಮಠದ ಹುಡುಗರಿಗೆ ಅದನ್ನು ಕಲಿಸಲಾಯಿತು. 1071ರಲ್ಲಿ ಪೋಪ್ ಎರಡನೆಯ ಅಲೆಗ್ಸಾಂಡರನು ಅದನ್ನು ಪ್ರತಿಷ್ಠಾಪಿಸಿದನು.

ಆದರೆ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಒಂದು ಹಾಳೆ. 960ರಲ್ಲಿ ಮಠದ ಭೂಮಿಯ ಎಲ್ಲೆಯ ವ್ಯಾಜ್ಯವೊಂದು ಕಾಪುವಾ ಪಟ್ಟಣದ ನ್ಯಾಯಸಭೆಗೆ ಬಂದಿತು. ತೀರ್ಪನ್ನು ಲತೀನಿನಲ್ಲಿ ಬರೆದರು. ಆದರೆ ಆ ನೆಲ ಮೂವತ್ತು ವರ್ಷಗಳಿಂದ ಮಠದ ಅನುಭೋಗದಲ್ಲಿದೆ ಎಂಬ ಸಾಕ್ಷಿಗಳ ಪ್ರಮಾಣವಚನವನ್ನು ಅವರ ಆಡುನುಡಿಯಲ್ಲೇ ಬರೆದಿಟ್ಟರು. ಇತಾಲಿಯದ ನಾಡನುಡಿಯ ಮೊದಲ ಪತ್ರವೆಂದು ಪಂಡಿತರು ಇಂದು ಗಣಿಸುವುದು ಅದನ್ನೇ. ಕವಿಯ ಕಾವ್ಯವಲ್ಲ, ಎಲ್ಲೆಯ ಬಗೆಗೆ ಜನ ನುಡಿದ ಮಾತು!

1943ರ ಶರತ್ಕಾಲದಲ್ಲಿ, ಯುದ್ಧವು ಸಮೀಪಿಸುತ್ತಿದ್ದಾಗ, ಮಠದ ಗ್ರಂಥಗಳನ್ನೂ ಪತ್ರಗಳನ್ನೂ ರೋಮಿಗೆ ಸಾಗಿಸಿದರು. ಕೆಲವೇ ತಿಂಗಳಲ್ಲಿ, 1944ರ ಫೆಬ್ರವರಿ 15ರಂದು, ಮಿತ್ರರಾಷ್ಟ್ರಗಳ ವಿಮಾನಗಳು ಮಠವನ್ನು ನೆಲಸಮಮಾಡಿದವು. ಆಶ್ರಯ ಬೇಡಿ ಒಳಗಿದ್ದ ಎಷ್ಟೋ ಮಂದಿ ಮಡಿದರು. ಆ ಬೆಟ್ಟದ ಇಳಿಜಾರುಗಳಲ್ಲಿ ಭಾರತದ 4ನೆಯ ಡಿವಿಜನ್ನಿನ ಸೈನಿಕರೂ ಹೋರಾಡಿದರು. ಯುದ್ಧಾನಂತರ ಮಠವನ್ನು ಇದ್ದಲ್ಲೇ ಇದ್ದಂತೆಯೇ ಕಟ್ಟಿದರು. 1964ರಲ್ಲಿ ಆರನೆಯ ಪಾಲ್ ಪೋಪರು ಅದನ್ನು ಪುನಃ ಪ್ರತಿಷ್ಠಾಪಿಸಿದರು.

ಇಂದು ಯಾತ್ರಿಕನು ಕಾಣುವ ಗೋಡೆ ಹೊಸದು. ಪತ್ರಭಂಡಾರದ ಆ ಹಾಳೆ ಮಾತ್ರ ಹಳೆಯದು. ಅದನ್ನು ಯುದ್ಧಕ್ಕೆ ಮೊದಲೇ ಜೋಪಾನಮಾಡಿದ ಕೈಗಳನ್ನು, ಮನೆಮನೆಯಲ್ಲಿ ಹಳೆಯ ಕಡತಗಳನ್ನು ಉಳಿಸಿಕೊಂಡಿರುವ ನಮ್ಮ ವಾಚಕರು ಅರಿಯದೆ ಇರಲಾರರು.