ಪಕ್ಷ ಮರೆತ ಆ ಡಿಸೆಂಬರ್

ನಮ್ಮ ಮಾನ್ವಿ, ದೇವದುರ್ಗದ ಕಡೆ ರಾಜಕೀಯ ಅಂದರೆ ಜಗಳ ಅಂತಲೇ ಅರ್ಥ. ಒಮ್ಮೆ ಮಾತ್ರ ಹಾಗಾಗಲಿಲ್ಲ ನೋಡಿ.

ಹೈದರಾಬಾದ್ ಕರ್ನಾಟಕಕ್ಕೆ (ಈಗಿನ ಕಲ್ಯಾಣ ಕರ್ನಾಟಕ) ವಿಶೇಷ ಸ್ಥಾನಮಾನ ಬೇಕೆಂದು ಜನತಾ ದಳದಲ್ಲಿದ್ದ ವೈಜನಾಥ ಪಾಟೀಲರು ವರ್ಷಗಟ್ಟಲೆ ಹೋರಾಡಿದರು. 2010ರ ಮಾರ್ಚ್‌ನಲ್ಲಿ, ಬಿಜೆಪಿ ಆಡಳಿತದಲ್ಲಿ, ವಿಧಾನಮಂಡಲದ ಎರಡೂ ಸದನಗಳು ಅದಕ್ಕೆ ನಿರ್ಣಯ ಮಾಡಿದವು. ದೆಹಲಿಯಲ್ಲಿ ಕಾಂಗ್ರೆಸ್ಸಿನ ಖರ್ಗೆ, ಧರ್ಮಸಿಂಗ್ ಬೆನ್ನು ಹತ್ತಿದರು. ಸಂವಿಧಾನ ತಿದ್ದುಪಡಿಗೆ ಮೂರನೇ ಎರಡರಷ್ಟು ಮತ ಬೇಕು. ಯುಪಿಎಗೆ ಅಷ್ಟು ಬಲ ಇರಲಿಲ್ಲ. 2012ರ ಡಿಸೆಂಬರ್‌ನಲ್ಲಿ ವಿರೋಧ ಪಕ್ಷದಲ್ಲಿದ್ದ ಬಿಜೆಪಿಯೂ ಬೆಂಬಲ ಕೊಟ್ಟಿತು. 371(ಜೆ) ಬಂತು.

ಇಲ್ಲಿನ ವೃತ್ತಿಶಿಕ್ಷಣ ಕಾಲೇಜುಗಳಲ್ಲಿ ಶೇ. 70 ಸೀಟು ನಮ್ಮ ಮಕ್ಕಳಿಗೆ ಮೀಸಲಾಯ್ತು. ನಮ್ಮ ಓಣಿಯ ಹುಡುಗಿ ರಾಯಚೂರಿನಲ್ಲಿ ಡಾಕ್ಟರ್ ಓದಿದ್ದು ಅದರಿಂದಲೇ. ಅಂದು ಇವರು ಪಕ್ಷ ಹಿಡಿದು ಕೂತಿದ್ದರೆ ಆಕೆಗೆ ಆ ಸೀಟು ಸಿಗುತ್ತಿರಲಿಲ್ಲ.