ಗಂಟಿನ ಕುಪ್ಪಸದಿಂದ ಫೀಡಿಂಗ್ ಬ್ರಾವರೆಗೆ

ಮಗುವಿಗೆ ಮೊದಲ ಆರು ತಿಂಗಳು ತಾಯಿಯ ಹಾಲನ್ನು ಮಾತ್ರ ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಾಲು ಕಟ್ಟಿಕೊಂಡು ಎದೆ ನೋಯತೊಡಗಿದರೆ ಅನೇಕ ತಾಯಂದಿರಿಗೆ ಇದನ್ನು ಪಾಲಿಸುವುದು ಕಷ್ಟವಾಗುತ್ತದೆ. ಹಾಲು ಕಟ್ಟಿಕೊಳ್ಳಲು ಬಿಗಿಯಾದ ಒಳಉಡುಪೂ ಒಂದು ಕಾರಣವಾಗಬಲ್ಲದು. ಬಾಣಂತಿಯ ಪಥ್ಯ, ಎಣ್ಣೆಸ್ನಾನ, ಕಷಾಯಗಳ ಬಗ್ಗೆ ಮನೆಗಳಲ್ಲಿ ನಡೆಯುವಷ್ಟು ಮಾತು ಆಕೆಯ ಉಡುಪಿನ ಬಗ್ಗೆ ನಡೆಯುವುದಿಲ್ಲ. ಈ ಉಡುಪಿಗೂ ಒಂದು ಇತಿಹಾಸವಿದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಹಿಂದಿನ ತಲೆಮಾರಿನ ಅಜ್ಜಿಯರಿಗೆ ಮುಂಭಾಗದಲ್ಲಿ ಗಂಟು ಹಾಕುವ ಕುಪ್ಪಸ ಪರಿಚಿತವಾಗಿತ್ತು. ಕುಪ್ಪಸವಿಲ್ಲದೆ ಸೀರೆಯ ಸೆರಗನ್ನೇ ಎದೆಗೆ ಸುತ್ತಿಕೊಳ್ಳುತ್ತಿದ್ದವರೂ ಇದ್ದರು. ಗಂಟು ಬಿಚ್ಚಿದರೆ ಮಗುವಿಗೆ ಹಾಲೂಡಿಸಬಹುದಿತ್ತು. ಎದೆ ಬಾತ ದಿನ ಸಡಿಲವಾಗಿ, ಬಾವು ಇಳಿದಾಗ ತುಸು ಬಿಗಿಯಾಗಿ ಕಟ್ಟಬಹುದಿತ್ತು. ಹೆರಿಗೆಯ ನಂತರ ಸ್ತನದ ಗಾತ್ರ ದಿನದಿಂದ ದಿನಕ್ಕೆ, ಒಂದು ಹಾಲೂಡಿಕೆಯಿಂದ ಇನ್ನೊಂದಕ್ಕೆ ಬದಲಾಗುವುದರಿಂದ ಇದು ದೊಡ್ಡ ಅನುಕೂಲ.

ಇಂದಿನ ಬ್ರಾ ಹುಟ್ಟಿದ್ದು ಬೇರೆ ಉದ್ದೇಶದಿಂದ. 1889ರಲ್ಲಿ ಫ್ರಾನ್ಸಿನ ಹರ್ಮಿನಿ ಕಾಡೋಲ್ ಉಸಿರುಗಟ್ಟಿಸುವ ಕಾರ್ಸೆಟ್ಟನ್ನು ಎರಡು ಭಾಗಗಳಾಗಿ ಬೇರ್ಪಡಿಸಿದರು. 1914ರಲ್ಲಿ ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್ ತಮ್ಮ ವಿನ್ಯಾಸಕ್ಕೆ ಪೇಟೆಂಟ್ ಪಡೆದರು. 1930ರ ದಶಕದಲ್ಲಿ ಎ, ಬಿ, ಸಿ, ಡಿ ಎಂಬ ಕಪ್ ಅಳತೆಗಳು ಬಳಕೆಗೆ ಬಂದವು. 1958ರಲ್ಲಿ ಸ್ಪ್ಯಾಂಡೆಕ್ಸ್ ಎಂಬ ಹಿಗ್ಗುವ ಎಳೆ ಸಿದ್ಧವಾಯಿತು. ಆದರೆ ಸಾಮಾನ್ಯ ಬ್ರಾದ ಹುಕ್ಕು ಬೆನ್ನಿಗಿದೆ, ಅಳತೆ ನಿಗದಿಯಾಗಿದೆ. ಗಂಟಿನ ಕುಪ್ಪಸದ ಎರಡೂ ಅನುಕೂಲಗಳು ಇದರಲ್ಲಿಲ್ಲ. ಕಪ್ಪನ್ನು ಮುಂದಿನಿಂದಲೇ ತೆರೆಯಬಹುದಾದ ಫೀಡಿಂಗ್ ಬ್ರಾ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿತು.

ಬಿಗಿ ಉಡುಪು ಏಕೆ ತೊಂದರೆ ಕೊಡುತ್ತದೆ? ಉತ್ತರಕ್ಕೆ ಅಂಗರಚನೆಯ ಇತಿಹಾಸವನ್ನು ನೋಡಬೇಕು. ಇಂಗ್ಲೆಂಡಿನ ಶಸ್ತ್ರವೈದ್ಯ ಆಸ್ಲೆ ಕೂಪರ್ ಶವಗಳ ಹಾಲಿನ ನಾಳಗಳಿಗೆ ಬಣ್ಣದ ಮೇಣ ತುಂಬಿ, 1840ರಲ್ಲಿ ಸ್ತನದ ರಚನೆಯ ಬಗ್ಗೆ ಗ್ರಂಥ ಪ್ರಕಟಿಸಿದರು. ಪ್ರತಿ ಸ್ತನದಲ್ಲೂ 15ರಿಂದ 20 ನಾಳಗಳು, ತೊಟ್ಟಿನ ಹಿಂದೆ ಹಾಲು ಶೇಖರವಾಗುವ ಚೀಲಗಳು ಎಂಬ ಚಿತ್ರ ಪಠ್ಯಪುಸ್ತಕಗಳಲ್ಲಿ ಬಹುಕಾಲ ಉಳಿಯಿತು. 2005ರಲ್ಲಿ ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹಾಲೂಡಿಸುತ್ತಿದ್ದ ತಾಯಂದಿರನ್ನು ಅಲ್ಟ್ರಾಸೌಂಡ್‌ನಿಂದ ಪರೀಕ್ಷಿಸಿದರು. ತೊಟ್ಟಿನ ಬಳಿ ಕಂಡ ಮುಖ್ಯ ನಾಳಗಳು ಸರಾಸರಿ 9 ಮಾತ್ರ. ಶೇಖರಣೆಯ ಚೀಲಗಳು ಕಾಣಲಿಲ್ಲ. ನಾಳಗಳು ಚರ್ಮಕ್ಕೆ ಬಹಳ ಹತ್ತಿರದಲ್ಲಿದ್ದು, ಒತ್ತಿದರೆ ಸುಲಭವಾಗಿ ಮುಚ್ಚಿಕೊಳ್ಳುತ್ತಿದ್ದವು. ಬ್ರಾದ ತಂತಿಯಾಗಲಿ, ಬಿಗಿಯಾದ ಅಂಚಾಗಲಿ ಒತ್ತುವುದು ಇಂಥ ನಾಳಗಳನ್ನೇ. ಹಾಲು ಹೊರಬರದೆ ನಿಂತರೆ ಬಾವು, ಕೆಲವೊಮ್ಮೆ ಸೋಂಕು ಉಂಟಾಗುತ್ತದೆ. ಹಾಲಿನ ಉತ್ಪಾದನೆಯೂ ಕುಗ್ಗುತ್ತದೆ.

ಹಾಲು ತೆಗೆಯುವ ಪಂಪಿನ ಕಥೆಯೂ ಇದಕ್ಕೆ ಪೂರಕ. ಅಮೆರಿಕದಲ್ಲಿ 1854ರಲ್ಲೇ ಒ. ಎಚ್. ನೀಡಮ್ ಇಂಥ ಪಂಪಿಗೆ ಪೇಟೆಂಟ್ ಪಡೆದಿದ್ದರು. ಸ್ವೀಡನ್ನಿನ ಎಂಜಿನಿಯರ್ ಐನಾರ್ ಎಗ್ನೆಲ್ ಸ್ತನಕ್ಕೆ ಗಾಯವಾಗದಷ್ಟು ಹೀರುವ ಒತ್ತಡ ಎಷ್ಟೆಂದು ಅಧ್ಯಯನ ಮಾಡಿ 1956ರಲ್ಲಿ ಸುಧಾರಿತ ಯಂತ್ರ ರೂಪಿಸಿದರು. ಹೀರುವ ಬಲವೊಂದೇ ಸಾಲದು. ಆಕ್ಸಿಟೋಸಿನ್ ಹಾರ್ಮೋನು ಸ್ರವಿಸಿ ಗ್ರಂಥಿಗಳ ಸುತ್ತಲಿನ ಕೋಶಗಳು ಸಂಕುಚಿಸಿದಾಗ ಮಾತ್ರ ಹಾಲು ಸರಾಗವಾಗಿ ಇಳಿಯುತ್ತದೆ. ಪಂಪಿನ ಆಲಿಕೆಯನ್ನು ಹಿಡಿದಿಡುವ ಬ್ರಾ ಕೈಗಳಿಗೆ ಬಿಡುವು ಕೊಡುತ್ತದೆ. ಆದರೆ ಅದು ಆಲಿಕೆಯನ್ನು ಎದೆಗೆ ಅದುಮಿದರೆ ನಾಳಗಳೇ ಮುಚ್ಚಿ, ಪಂಪಿನ ಉದ್ದೇಶ ಕೆಡುತ್ತದೆ.

ಹಾಗಾದರೆ ಆಯ್ಕೆ ಹೇಗೆ? ತಂತಿಯಿಲ್ಲದ, ಹತ್ತಿಯ, ಒಂದೇ ಕೈಯಲ್ಲಿ ತೆರೆಯಬಹುದಾದ ಬ್ರಾ ಒಳ್ಳೆಯದು. ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಕಳಚಿದಾಗ ಚರ್ಮದ ಮೇಲೆ ಆಳವಾದ ಗುರುತು ಉಳಿಯಬಾರದು. ಮೊದಲ ವಾರಗಳಲ್ಲಿ ಗಾತ್ರ ಏರಿಳಿಯುವುದರಿಂದ ಹಲವು ಸಾಲು ಹುಕ್ಕುಗಳಿರುವುದು ಮೇಲು. ಪಂಪ್ ಬಳಸುವವರು ಆಲಿಕೆ ಅಳವಡಿಸಿಯೇ ಬ್ರಾದ ಅಳತೆ ನೋಡಬೇಕು.

ಮಲೆನಾಡಿಗೆ ಇನ್ನೊಂದು ಮಾತು ಸೇರಿಸಬೇಕು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಆಷಾಢದಲ್ಲಿ ದಪ್ಪ ಪ್ಯಾಡಿನ ಬ್ರಾ ದಿನಗಟ್ಟಲೆ ಒಣಗುವುದಿಲ್ಲ. ಹಸಿ ಬಟ್ಟೆ ತೊಟ್ಟರೆ ತೊಟ್ಟಿನ ಚರ್ಮ ಮೆತ್ತಗಾಗಿ ಬಿರಿಯುತ್ತದೆ, ಶಿಲೀಂಧ್ರ ಬೆಳೆಯಲು ಅನುಕೂಲವಾಗುತ್ತದೆ. ಆದ್ದರಿಂದ ಇಲ್ಲಿ ದುಬಾರಿಯಾದ ಒಂದಕ್ಕಿಂತ ತೆಳುವಾದ ನಾಲ್ಕೈದು ಉಪಯುಕ್ತ. ಹಾಲು ಹೀರಿಕೊಳ್ಳಲು ಇಡುವ ಹತ್ತಿ ಬಟ್ಟೆಯ ತುಂಡುಗಳನ್ನು ಒದ್ದೆಯಾದೊಡನೆ ಬದಲಿಸಬೇಕು.

ಅಡಿಕೆ ಸುಲಿಯುವ ಕಾಲದಲ್ಲಿ ಗಂಟೆಗಟ್ಟಲೆ ಕುಳಿತು ದುಡಿಯುವ ತಾಯಿಗೆ ಪಂಪ್ ಕೊಳ್ಳುವ ಅನುಕೂಲ ಇಲ್ಲದಿರಬಹುದು. ಕೈ ತೊಳೆದು, ಕುದಿಸಿದ ಬಟ್ಟಲಿಗೆ ಕೈಯಿಂದಲೇ ಹಾಲು ಹಿಂಡಿ ಮುಚ್ಚಿಟ್ಟರೆ 25 ಡಿಗ್ರಿ ಸೆಲ್ಸಿಯಸ್‌ವರೆಗಿನ ತಾಪದಲ್ಲಿ ನಾಲ್ಕು ಗಂಟೆ ಕೆಡುವುದಿಲ್ಲ. ಆಕೆಗೆ ಬೇಕಾದದ್ದು ನಡುನಡುವೆ ಸ್ವಲ್ಪ ಬಿಡುವು, ಮರೆಯಾದ ಒಂದು ಜಾಗ ಮತ್ತು ಸುಲಭವಾಗಿ ಸಡಿಲಿಸಬಹುದಾದ ಉಡುಪು.