ಕಳ್ಳುಬಳ್ಳಿಯ ಕಡತಗಳು: ಇಂಗ್ಲೆಂಡಿನ ಹಳ್ಳಿಗಳಲ್ಲಿ ವಂಶಶೋಧನೆಯ ಚರಿತ್ರೆ

ಇಂಗ್ಲೆಂಡಿನಲ್ಲಿ ವಂಶಾವಳಿ ಬರೆಸುವುದು ಬಹುಕಾಲ ಭೂಮಾಲೀಕರ ಬಾಬತ್ತಾಗಿತ್ತು. 1530ರಿಂದ 1688ರವರೆಗೆ ಅರಸನ ಲಾಂಛನಾಧಿಕಾರಿಗಳು ಕೌಂಟಿಗಳನ್ನು ಸುತ್ತಿ ಮನೆತನಗಳ ಪೀಳಿಗೆ ಬರೆದುಕೊಂಡರು. ಅವರು ಹೋಗಿ ನಿಂತದ್ದು ಲಾಂಛನದ ಹಕ್ಕುಳ್ಳವರ ಬಾಗಿಲಲ್ಲಿ. ಹೊಲದ ಕೂಲಿಯವನ ಅಜ್ಜ ಯಾರೆಂದು ಕೇಳುವ ಅಗತ್ಯ ಅವರಿಗೆ ಇರಲಿಲ್ಲ. ಹೀಗಿದ್ದೂ ಇಂದು ಅಂಥ ಕೂಲಿಯವನ ವಂಶದವರು, ಒಬ್ಬರು ಡೆವನ್‌ನಲ್ಲಿ, ಇನ್ನೊಬ್ಬರು ಕೆನಡಾದಲ್ಲಿ ಕೂತು ತಮ್ಮ ಕಳ್ಳುಬಳ್ಳಿಯನ್ನು ಮುನ್ನೂರು ವರ್ಷ ಹಿಂದಕ್ಕೆ ಒಯ್ಯಬಲ್ಲರು. ಬಡವರ ಮೇಲಿನ ಗುಮಾನಿಯಿಂದ ಹುಟ್ಟಿದ ಕಾಗದಗಳೇ ಬಡವರ ವಂಶವನ್ನು ಹೆಚ್ಚು ವಿವರವಾಗಿ ಉಳಿಸಿಕೊಟ್ಟವು ಎಂಬುದು ಈ ಲೇಖನದ ವಾದ.

ಅಡಿಪಾಯ ಬಿದ್ದದ್ದು 1538ರಲ್ಲಿ. ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಪ್ಯಾರಿಷ್‌ನಲ್ಲೂ (ಒಂದೊಂದು ಚರ್ಚಿನ ವ್ಯಾಪ್ತಿಯ ಊರಿನಲ್ಲೂ) ದೀಕ್ಷಾಸ್ನಾನ, ಮದುವೆ, ಮಣ್ಣು ಮಾಡಿದ್ದು ಎಲ್ಲವನ್ನೂ ಬರೆದಿಡಬೇಕೆಂದೂ ಆ ಪುಸ್ತಕವನ್ನು ಎರಡು ಬೀಗದ ಪೆಟ್ಟಿಗೆಯಲ್ಲಿ ಇಡಬೇಕೆಂದೂ ಆಜ್ಞೆ ಹೊರಡಿಸಿದ. ಹೊಸ ತೆರಿಗೆ ಬರುತ್ತದೆಂದು ಜನ ಆಗಲೇ ಹೆದರಿದ್ದರು. ಆ ಹೆದರಿಕೆ 1783ರಲ್ಲಿ ನಿಜವೇ ಆಯಿತು: ಪ್ರತಿ ದಾಖಲೆಗೆ ಮೂರು ಪೆನ್ನಿ ಸುಂಕ ಬಿತ್ತು, ಕಡುಬಡವರಿಗೆ ಮಾತ್ರ ವಿನಾಯಿತಿ. 1754ರಲ್ಲಿ ಜಾರಿಗೆ ಬಂದ ಹಾರ್ಡ್‌ವಿಕ್ ವಿವಾಹ ಕಾಯಿದೆ ವಧೂವರರೂ ಸಾಕ್ಷಿಗಳೂ ಸಹಿ ಹಾಕುವುದನ್ನು ಕಡ್ಡಾಯ ಮಾಡಿತು. ಅಕ್ಷರ ಬಾರದವರು ಗೀಟು ಹಾಕಿದರು. ಆ ಸಾಕ್ಷಿಗಳು ಎಷ್ಟೋ ವೇಳೆ ಅಣ್ಣನೋ ತಂಗಿಯೋ ಆಗಿರುವುದರಿಂದ ಸಂಶೋಧಕರಿಗೆ ಆ ಗೀಟುಗಳೂ ಬೆಲೆಯುಳ್ಳವು.

ಆದರೆ ಚರ್ಚಿನ ಪುಸ್ತಕದ್ದು ಒಂದೇ ಸಾಲಿನ ಮಾತು. ಬದುಕಿನ ಕಥೆ ಇರುವುದು ಪ್ಯಾರಿಷ್ ಪೆಟ್ಟಿಗೆಯ ಇತರ ಕಾಗದಗಳಲ್ಲಿ. 1601ರ ಬಡವರ ಕಾಯಿದೆಯ ಪ್ರಕಾರ ನಿರ್ಗತಿಕರನ್ನು ಸಾಕುವುದು ಆಯಾ ಪ್ಯಾರಿಷ್‌ನ ಹೊಣೆ. ಹಾಗಾದರೆ ಯಾರು ಯಾವ ಊರಿಗೆ ಸೇರಿದವರು? 1662ರ ವಾಸಹಕ್ಕಿನ ಕಾಯಿದೆ ಮತ್ತು ಅದರ ತಿದ್ದುಪಡಿಗಳು ಇದಕ್ಕೆ ನಿಯಮ ಮಾಡಿದವು. ಮದುವೆಯಾಗದವನು ಒಂದೇ ಊರಲ್ಲಿ ಪೂರ್ತಿ ವರ್ಷ ಆಳಾಗಿ ದುಡಿದಿದ್ದರೆ, ಅಲ್ಲಿ ಕಸುಬು ಕಲಿಯಲು ನಿಂತಿದ್ದರೆ, ಅಥವಾ ವರ್ಷಕ್ಕೆ 10 ಪೌಂಡ್ ಬಾಡಿಗೆಯ ಮನೆಯೋ ಹೊಲವೋ ಹಿಡಿದಿದ್ದರೆ ಆ ಊರು ಅವನದು. ಹೆಂಡತಿಗೆ ಗಂಡನ ಊರು, ಮಕ್ಕಳಿಗೆ ತಂದೆಯ ಊರು. ತಂದೆಗೆ ಸ್ವಂತದ್ದಿಲ್ಲವಾದರೆ ಅಜ್ಜನ ಊರು. ಕೆಲಸ ಕಳೆದುಕೊಂಡವನನ್ನು ಇಬ್ಬರು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಹುಟ್ಟಿದ್ದೆಲ್ಲಿ, ಯಾರ ಹೊಲದಲ್ಲಿ ದುಡಿದೆ, ಕೂಲಿ ಎಷ್ಟು, ಅಪ್ಪ ಎಲ್ಲಿಯವನು ಎಂದು ಕೇಳಿ ಹೇಳಿಕೆ ಬರೆಸುತ್ತಿದ್ದರು. ಬೇರೆ ಊರಿನವನೆಂದು ಕಂಡರೆ ಅವನನ್ನು ಅಲ್ಲಿಗೆ ಹೊರಗಟ್ಟುವ ಆಜ್ಞೆಯಲ್ಲಿ ಹೆಂಡತಿಯ ಹೆಸರು, ಮಕ್ಕಳ ಹೆಸರು, ಅವರ ವಯಸ್ಸು ಸಹ ಇರುತ್ತಿದ್ದವು.

ಮದುವೆಯಿಲ್ಲದೆ ಬಸುರಾದ ಹೆಣ್ಣಿನ ಪಾಡು ಇನ್ನೂ ಕಷ್ಟ. ಅಂಥ ಮಗುವಿಗೆ ಹುಟ್ಟಿದ ಊರೇ ವಾಸಸ್ಥಳವೆಂಬುದು ಕಾನೂನಾಗಿದ್ದುದರಿಂದ ಹೆರಿಗೆಗೆ ಮುಂಚೆಯೇ ಅವಳನ್ನು ಗಡಿ ದಾಟಿಸಲು ಅಧಿಕಾರಿಗಳು ಹವಣಿಸುತ್ತಿದ್ದರು. ಚರ್ಚಿನ ಪುಸ್ತಕದಲ್ಲಿ ತಾಯಿಯ ಹೆಸರಷ್ಟೇ ಇದ್ದರೂ, ಮಗುವಿನ ಖರ್ಚು ಹೊರಲು ತಂದೆಯಿಂದ ಬರೆಸಿಕೊಂಡ ಮುಚ್ಚಳಿಕೆಯಲ್ಲಿ ಅವನ ಹೆಸರು ಸಿಗುತ್ತದೆ. ಹಲವು ಕುಟುಂಬಗಳ ಕಡಿದ ಕೊಂಡಿ ಕೂಡುವುದು ಈ ಮುಚ್ಚಳಿಕೆಗಳಲ್ಲೇ. ಆ ಹೆಣ್ಣುಮಕ್ಕಳ ಅವಮಾನದ ಬೆಲೆ ಎಷ್ಟೆಂಬುದನ್ನು ಇವನ್ನು ಓದುವವರು ಮರೆಯಬಾರದು.

ಇಂಗ್ಲಿಷ್ ಹಳ್ಳಿಗರು ತಲೆತಲಾಂತರದಿಂದ ಒಂದೇ ಊರಿಗೆ ಅಂಟಿಕೊಂಡಿದ್ದರೆಂಬ ನಂಬಿಕೆಯನ್ನೂ ಇಂಥ ದಾಖಲೆಗಳೇ ಮುರಿದವು. ನಾಟಿಂಗ್‌ಹ್ಯಾಮ್‌ಶೈರ್‌ನ ಕ್ಲೇವರ್ತ್ ಹಳ್ಳಿಯ ಪಾದ್ರಿ 1676ರಲ್ಲೂ 1688ರಲ್ಲೂ ಊರವರ ಪಟ್ಟಿ ಮಾಡಿದ್ದ. ಇತಿಹಾಸಕಾರ ಪೀಟರ್ ಲ್ಯಾಸ್ಲೆಟ್ ಎರಡನ್ನೂ ತಾಳೆ ನೋಡಿದಾಗ ಮೊದಲ ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಜನ ಎರಡನೆಯದರಲ್ಲಿ ಇರಲಿಲ್ಲ. ಸತ್ತವರಿಗಿಂತ ಊರು ಬಿಟ್ಟವರೇ ಅವರಲ್ಲಿ ಹೆಚ್ಚು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಚದುರುವಿಕೆ ಸಮುದ್ರ ದಾಟಿತು. ಸಸೆಕ್ಸ್‌ನ ಪೆಟ್‌ವರ್ತ್ ವಲಸೆ ಸಮಿತಿಯೊಂದೇ 1832ರಿಂದ 1837ರ ನಡುವೆ ಸುಮಾರು 1,800 ಜನರನ್ನು ಅಪ್ಪರ್ ಕೆನಡಾಕ್ಕೆ ಕಳಿಸಿತು. ದೂರದ ನೆಂಟರ ಸಹಕಾರ ಬೇಕಾಗುವುದು ಇಲ್ಲೇ. ಹೋದವರ ಮನೆಯಲ್ಲಿ ಪತ್ರ, ಬೈಬಲ್ಲು ಉಳಿದಿರುತ್ತವೆ. ನಿಂತವರಿಗೆ ಸಮಾಧಿಕಲ್ಲು ಎಲ್ಲಿದೆಯೆಂದು ಗೊತ್ತಿರುತ್ತದೆ. ಒಂದೇ ಪ್ಯಾರಿಷ್‌ನಲ್ಲಿ ಆದರೆ ಒಂದೇ ಕಾಲಕ್ಕೆ ಒಂದೇ ಮನೆತನದ ಇಬ್ಬರು ಜಾನ್‌ಗಳು ಇರುವುದು ಸಾಮಾನ್ಯ. ದೀಕ್ಷಾಸ್ನಾನದ ದಾಖಲೆಯಲ್ಲಿ ಹೆಸರು ಕಂಡೊಡನೆ ಪೂರ್ವಜನೆಂದು ಹಿಡಿದುಕೊಂಡರೆ ಶೋಧನೆ ಕೆಟ್ಟಿತೆಂದೇ ಲೆಕ್ಕ, ಏಕೆಂದರೆ ಆ ಮಗು ತೊಟ್ಟಿಲಲ್ಲೇ ಸತ್ತಿರಬಹುದು. ಹುಟ್ಟು, ಮದುವೆ, ಸಾವು ಮೂರನ್ನೂ ಮನೆಮನೆಯಾಗಿ ಜೋಡಿಸುವ ಕ್ರಮವನ್ನು ಇ. ಎ. ರಿಗ್ಲಿ ಡೆವನ್‌ನ ಕಾಲಿಟನ್ ದಾಖಲೆಗಳಿಗೆ ಅನ್ವಯಿಸಿ 1966ರಲ್ಲಿ ಪ್ರಕಟಿಸಿದರು. ಮನೆಯ ಚರಿತ್ರೆ ಹುಡುಕುವವರಿಗೂ ಅದೇ ಶಿಸ್ತು ಬೇಕು. ಬೇರೆ ಬೇರೆ ಕವಲಿನ ಇಬ್ಬರು, ಒಬ್ಬರದನ್ನೊಬ್ಬರು ನೋಡದೆ ಹುಡುಕಿ ಒಂದೇ ದಂಪತಿಗೆ ಬಂದು ಮುಟ್ಟಿದರೆ ಅದು ಗಟ್ಟಿ ಸಾಕ್ಷ್ಯ.

ಡಿಎನ್‌ಎ ಪರೀಕ್ಷೆ ಈ ದಾಖಲೆ ಶೋಧನೆಗೆ ನೆರವಾಗುತ್ತದೆ, ಬದಲಿಯಾಗುವುದಿಲ್ಲ. ಅಜ್ಜನ ಅಜ್ಜನೂ ಅವನ ಹೆಂಡತಿಯೂ ಒಂದೇ ಆಗಿರುವ ನೆಂಟರ ಜೋಡಿಗಳಲ್ಲಿ ನೂರಕ್ಕೆ ಸುಮಾರು ಹತ್ತರಲ್ಲಿ ಗುರುತಿಸಬಲ್ಲ ಹೋಲಿಕೆಯೇ ಸಿಗುವುದಿಲ್ಲ. ಇನ್ನೊಂದು ತಲೆಮಾರು ಹಿಂದೆ ಹೋದರೆ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಸಿಗುವುದಿಲ್ಲ. ಹೋಲಿಕೆ ಇಲ್ಲವೆಂದ ಮಾತ್ರಕ್ಕೆ ನೆಂಟಸ್ತಿಕೆ ಸುಳ್ಳಲ್ಲ.

ಈ ಚರಿತ್ರೆಯ ಒಂದು ಎಳೆ ನಮ್ಮ ಕೋಲಾರದವರೆಗೂ ಬಂದಿದೆ. 1866ರಲ್ಲಿ ಕಾರ್ನ್‌ವಾಲ್‌ನ ತಾಮ್ರದ ಗಣಿಗಳು ಕುಸಿದ ಮೇಲೆ ಅಲ್ಲಿನ ಹಳ್ಳಿಗಳ ಗಣಿಗಾರರು ಲೋಕದ ನಾನಾ ಗಣಿಗಳಿಗೆ ಚದುರಿದರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕೋಲಾರ ಚಿನ್ನದ ಗಣಿಯ (ಕೆಜಿಎಫ್) ಆಡಳಿತ ವಹಿಸಿಕೊಂಡಾಗ ಅಂಥವರು ಕೆಜಿಎಫ್‌ಗೂ ಬಂದರು, ಕೆಲವರು ಇಲ್ಲೇ ಮಣ್ಣಾದರು. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಕಡತಗಳಲ್ಲಿ ಮದ್ರಾಸ್ ಕಡೆಯ ಚರ್ಚು ದಾಖಲೆಗಳು ಸುರಕ್ಷಿತವಾಗಿವೆ. ಕೆಜಿಎಫ್‌ನ ಹಳೆಯ ಸ್ಮಶಾನದ ಕಲ್ಲುಗಳಿಗೆ ಆ ಭದ್ರತೆ ಇಲ್ಲ. ಅವುಗಳ ಬರಹ ಮಾಸುವ ಮುನ್ನ ಕೋಲಾರ ಜಿಲ್ಲೆಯ ಕಾಲೇಜುಗಳ ಇತಿಹಾಸ ವಿಭಾಗಗಳು ಅದನ್ನು ನಕಲು ಮಾಡಿಕೊಳ್ಳಲಿ. ಅದೇ ಗಣಿಯಲ್ಲಿ ದುಡಿದ ತಮಿಳು, ತೆಲುಗು, ಕನ್ನಡ ಮನೆಗಳ ಹಿರಿಯರ ನೆನಪುಗಳನ್ನೂ ಜೊತೆಗೇ ಬರೆದುಕೊಳ್ಳಲಿ.